ಹುಳಗಳ ಚಾಳು

೧೮ ಜನವರಿ ೧೯೮೮, ಸೋಮವಾರ

ಇವತ್ತು ಆಫೀಸಿಗೆ ಹೋಗಬಾರದಿತ್ತು. ಬಲಗಣ್ಣು ಮುಚ್ಚಿಹೋಗಿದೆ, ಮೂಗು ಎರಡರಷ್ಟಾಗಿದೆ, ಮೇಲುತುಟಿ ಬೇರೆ ಯಾರದೋ ತಂದು ಅಂಟಿಸಿದ ಹಾಗಿದೆ. ನಿನ್ನೆ ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಸೋರಿಕೆ ನೋಡಲು ಹೋಗಿದ್ದೆ. ಸೊಸೈಟಿಯ ಸೆಕ್ರೆಟರಿ ನಾನು. ಈ ಬಿಲ್ಡಿಂಗಿನಲ್ಲಿ ಸೋರುವುದೆಲ್ಲ ನನ್ನ ತಲೆಯ ಮೇಲೇ ಸೋರುತ್ತದೆ. ಟ್ಯಾಂಕಿನ ಅಡಿಯಲ್ಲಿ ಮೊರದಗಲದ ಹೆಜ್ಜೇನು ಕಟ್ಟಿರುವುದು ಗೊತ್ತಿದ್ದದ್ದೇ. ಆದರೂ ಕೊಡೆಯ ತುದಿಯಿಂದ ಪೈಪನ್ನು ತಟ್ಟಿದೆ. ಐದು ಹುಳ ಬಂದು ಮುಖಕ್ಕೇ ಕಡಿದವು.

ಘಾಟ್ಕೋಪರ್‌ನಲ್ಲಿ ಲೋಕಲ್ ಹತ್ತಿದಾಗ ಯಾರೋ ಎದ್ದು ಸೀಟು ಕೊಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು. ಆಫೀಸಿನಲ್ಲಿ ಟೈಪಿಸ್ಟ್ ಹುಡುಗಿಯರು ಫೈಲು ಅಡ್ಡ ಹಿಡಿದುಕೊಂಡು ನಕ್ಕರು. ಅದನ್ನೂ ಸಹಿಸಿಕೊಂಡೆ. ಸಂಜೆ ಗೇಟಿನಲ್ಲಿ ಕೆಳಮನೆಯ ರಾಚವ್ವ ನಿಂತಿದ್ದಳು. ಬಿಜಾಪುರದ ಕಡೆಯ ಹೆಂಗಸು, ಗಂಟಲು ಮೂರು ಮಹಡಿಗೆ ಸಾಕು.

"ಅಯ್ಯ ಶಿವನ! ಸೆಕ್ರೆಟರಿ ಸಾಹೇಬ್ರು ಮಾರ್ಕೆಟ್ಟಿಂದ ಕುಂಬಳಕಾಯಿ ಹೊತ್ಗೊಂಡು ಬಂದಾರ ಅಂತ ಮಾಡಿದ್ದೆ. ನೋಡಿದ್ರ ಮಾರೀನ ಐತಿ!"

ಬಾಲ್ಕನಿಗಳೆಲ್ಲ ನಕ್ಕವು. ಆಮೇಲೆ ಅವಳೇ ಸುಣ್ಣ ತಂದು ಕಡಿದಲ್ಲೆಲ್ಲ ಹಚ್ಚಿದಳು. ಹಚ್ಚುವಾಗಲೂ ನಗುತ್ತಿದ್ದಳು.

೨೦ ಜನವರಿ, ಬುಧವಾರ

ಸಂಜೆ ಸೊಸೈಟಿ ಮೀಟಿಂಗ್ ಕರೆದೆ. ವಿಷಯ ಒಂದೇ: ಸದರಿ ಜೇನುಗೂಡಿನ ವಿಲೇವಾರಿ. ಮಕ್ಕಳು ಮರಿ ಇರುವ ಕಟ್ಟಡ, ಅಪಾಯ ಎಂದು ವಿವರಿಸಿದೆ. ಮೊದಲ ಮಹಡಿಯ ಶಾಹ್ ಭಾಯಿ ಜೈನರು. ಜೀವಹತ್ಯೆಗೆ ತಾವು ಕೈ ಎತ್ತುವುದಿಲ್ಲ ಎಂದರು. ರಾಚವ್ವನಂತೂ ಎದ್ದೇ ನಿಂತಳು.

"ಜೇನು ತಾನಾಗೆ ಬಂದು ಕಟ್ಟೋದಂದ್ರ ಲಕ್ಷ್ಮಿ ಬಂದಂಗ್ರಿ. ಅದೇನು ನಿಮ್ಮನಿ ಬಾಗಿಲಾ ಬಡದು ಬಂದು ಕಡೀತೇನು? ನೀವ ಹೋಗಿ ಕೊಡೀಲೆ ತಿವಿದ್ರಿ!"

ಮತ್ತೆ ನಗು. ಯಥಾಸ್ಥಿತಿ ಕಾಪಾಡತಕ್ಕದ್ದು ಎಂದು ನಿರ್ಣಯವಾಯಿತು. ನನ್ನ ಕೈಯಾರೆ ನಾನೇ ಬರೆದು ಸಹಿ ಮಾಡಿದೆ.

೨೬ ಜನವರಿ, ಮಂಗಳವಾರ

ಮುಗಿಯಿತು. ರಜೆಯ ದಿನ, ಬಿಲ್ಡಿಂಗ್ ಮುಕ್ಕಾಲು ಖಾಲಿ. ಹೆಂಡತಿ ರಮಾಮಣಿ ದಹಿಸರ್‌ನ ತನ್ನ ತಮ್ಮನ ಮನೆಗೆ ಹೋಗಿದ್ದಾಳೆ. ಶಾಹ್ ಭಾಯಿಯ ಕುಟುಂಬ ದೇವಸ್ಥಾನಕ್ಕೆ. ರಾಚವ್ವ ಮಗ ಚನ್ನಬಸಯ್ಯನನ್ನು ಕರೆದುಕೊಂಡು ಬೈಕುಲ್ಲಾದ ನೆಂಟರ ಮನೆಯ ಕಾರ್ಯಕ್ಕೆ. ಹನ್ನೊಂದಕ್ಕೆ ಔಷಧಿ ಹೊಡೆಯುವವನು ಬಂದ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಟ್ಯಾಂಕಿನಡಿ ಹೊಡೆದ. ಹೇಳದಿದ್ದರೂ ಕಾಂಪೌಂಡ್ ಗೋಡೆ, ಬೋಗನ್‌ವಿಲ್ಲಾ, ಕರಿಬೇವಿನ ಗಿಡಕ್ಕೂ ಹೊಡೆದ. "ಅಬ್ ಏಕ್ ಮಚ್ಛರ್ ಭೀ ನಹೀ ಬಚೇಗಾ ಸಾಬ್", ಇನ್ನು ಒಂದು ಸೊಳ್ಳೆಯೂ ಉಳಿಯುವುದಿಲ್ಲ, ಎಂದು ಗೂಡನ್ನು ಕಿತ್ತು ಚೀಲಕ್ಕೆ ತುಂಬಿಕೊಂಡು ಹೋದ.

ಸಂಜೆ ಬಂದವರೆಲ್ಲ ಕೇಳಿದರು. ತಾವಾಗಿಯೇ ಎದ್ದು ಹೋದವು, ಋತು ಬದಲಾಗುವಾಗ ಹೋಗುತ್ತವಂತೆ, ಎಂದೆ. ಕೇಳಿದವರೆಲ್ಲ ನಂಬಿದರು. ನೋಟೀಸ್ ಬೋರ್ಡಿನಲ್ಲೂ ಹಾಗೆಯೇ ಬರೆದು ಹಾಕಿದೆ. ಯಾರಿಗೂ ನಷ್ಟವಿಲ್ಲ, ಕಟ್ಟಡಕ್ಕೆ ಕ್ಷೇಮ. ಊಟ ಸೇರಲಿಲ್ಲ, ಔಷಧಿಯ ವಾಸನೆ ಇರಬೇಕು.

೨೮ ಜನವರಿ, ಗುರುವಾರ

ರಾಚವ್ವ ಬೆಳಿಗ್ಗೆ ಅಂಗಳದಲ್ಲಿ ನಿಂತು ಟ್ಯಾಂಕಿನ ಕಡೆ ನೋಡುತ್ತಿದ್ದಳು. "ಹೇಳದ ಕೇಳದ ಹೋತಲ್ರಿ. ಯಾರ ಕಾಲ್ಗುಣಾನೋ ಏನೋ" ಎಂದಳು. ಟ್ರೇನಿಗೆ ಹೊತ್ತಾಗಿತ್ತು, ನಿಲ್ಲಲಿಲ್ಲ.

೧೦ ಫೆಬ್ರವರಿ, ಬುಧವಾರ

ಬಿಲ್ಡಿಂಗಿನ ಹಿಂದೆ ಕಾಂಪೌಂಡಿಗೆ ಸೇರಿದಂತೆ ಎರಡು ಕೋಣೆಯಷ್ಟು ಮಣ್ಣು ಇದೆ. ಅಲ್ಲಿ ರಾಚವ್ವ ಪ್ರತಿ ವರ್ಷ ಕುಂಬಳದ ಬಳ್ಳಿ ಹಬ್ಬಿಸುತ್ತಾಳೆ. ಹೋದ ವರ್ಷ ಬಿಲ್ಡಿಂಗಿನ ಹನ್ನೆರಡು ಮನೆಗೂ ಹೋಳು ಹಂಚಿದ್ದಳು. ಈ ಸಲವೂ ಬಳ್ಳಿ ಸೊಕ್ಕಿ ಬೆಳೆದಿದೆ, ಹಳದಿ ಹೂವು ಕಣ್ಣು ತುಂಬುವಷ್ಟಿದೆ. ಆದರೆ ಕಾಯಿ ಕಚ್ಚುತ್ತಿಲ್ಲ. ಗೋಲಿಯಷ್ಟಾಗಿ ಹಳದಿಗೆ ತಿರುಗಿ ಉದುರುತ್ತಿದೆಯಂತೆ.

"ಯಾರರ ಕಣ್ಣು ಹಾಕ್ಯಾರೇನ್ರಿ?" ಎಂದು ನನ್ನನ್ನೇ ಕೇಳಿದಳು.

"ನಾನ್ಯಾಕೆ ಹಾಕಲಿ?" ಎಂದುಬಿಟ್ಟೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲಾ ಮುಟ್ಟಿ ನೋಡ್ಕೊಂಡನಂತ! ನಿಮಗ್ಯಾರು ಅಂದ್ರು ಸಾಹೇಬ್ರ?" ಆಮೇಲೆ ಒಳಗೆ ಹೋಗಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟಳು. ರಮಾಮಣಿ ಚಪ್ಪರಿಸಿ ತಿಂದಳು.

೧೪ ಫೆಬ್ರವರಿ, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ಇನ್ನೆಲ್ಲಿ ಹೇಳಲಿ?

ಬೆಳಿಗ್ಗೆ ಹಿಂದಿನ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದೆ. ಕೆಳಗೆ ರಾಚವ್ವನ ಸೊಸೆ ಬಳ್ಳಿಗೆ ನೀರು ಹಾಕುತ್ತಿದ್ದಳು. ಮಲ್ಲವ್ವ ಎಂದು ಹೆಸರು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿಲ್ಲ. ರಾಚವ್ವ ಬಂದು ಅವಳ ಕೈಯಿಂದ ಚೆಂಬು ಕಸಿದುಕೊಂಡಳು.

"ಸಾಕ್ ಮಾಡ! ನೀ ಮುಟ್ಟಿದ್ದ ಒಂದರ ಕಾಯಿ ಹಿಡಿದೈತೇನು? ಬಂಜಿ ಕೈ ಅಂತ ಮಂದಿ ಅಂದ್ರ ನಾ ನಂಬಿರಲಿಲ್ಲ. ಇನ್ನ ಮ್ಯಾಲೆ ಈ ಕಡಿ ಕಾಲ ಇಡಬ್ಯಾಡ."

ಮಲ್ಲವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಳು. ಒಂದು ಸಲ ತಲೆ ಎತ್ತಿ ನಮ್ಮ ಬಾಲ್ಕನಿಯ ಕಡೆ ನೋಡಿದಳು. ನಾನು ಪೇಪರ್ ಮೇಲೆತ್ತಿಕೊಂಡೆ.

ನನಗೂ ಕುಂಬಳಕ್ಕೂ ಏನು ಸಂಬಂಧ ಎಂದು ಎಷ್ಟು ಸಲ ಕೇಳಿಕೊಂಡರೂ ಸಂಬಂಧ ಇದೆ ಎಂದೇ ಅನ್ನಿಸುತ್ತದೆ. ಶಾಲೆಯಲ್ಲಿ ಓದಿದ್ದು ಅರ್ಧಂಬರ್ಧ ನೆನಪಿದೆ. ವಿಚಾರಿಸಬೇಕು.

೨೧ ಫೆಬ್ರವರಿ, ಭಾನುವಾರ

ಬೈಕುಲ್ಲಾಕ್ಕೆ ಹೋಗಿ ರಾಣಿಬಾಗ್‌ನಲ್ಲಿ ಗಿಡ ನೋಡಿಕೊಳ್ಳುವ ಶೆಟ್ಟೆಪ್ಪನನ್ನು ಕಂಡು ಬಂದೆ. ಕನ್ನಡ ಸಂಘದ ಗಣಪತಿ ಹಬ್ಬದಲ್ಲಿ ಪರಿಚಯವಾದವನು, ಧಾರವಾಡದ ಕಡೆಯ ಮಾಲಿ. ಕೇಳಿದ ಕೂಡಲೇ ಹೇಳಿದ:

"ಕುಂಬಳದಾಗ ಗಂಡ ಹೂವ ಬ್ಯಾರೆ, ಹೆಣ್ಣ ಹೂವ ಬ್ಯಾರೆ. ಹೆಣ್ಣ ಹೂವಿನ ಬುಡಕ ಗೋಲಿಯಷ್ಟ ಕಾಯಿ ಮೊದಲ ಇರ್ತೈತಿ. ಗಂಡ ಹೂವಿನ ಪುಡಿ ಅದಕ್ಕ ಮುಟ್ಟಲಿಲ್ಲಂದ್ರ ಕೊಳತು ಬೀಳ್ತೈತಿ. ಆ ಪುಡಿ ಹೊರೋದು ಹುಳದ ಕೆಲಸ. ನಿಮ್ಮಲ್ಲೆ ಹುಳ ಇಲ್ಲೇನ್ರಿ?"

"ಇದ್ದವು."

"ಏನಾದವು?"

"ಹೋದವು" ಎಂದೆ. ಮಾಲಿಯ ಮುಂದೆಯೂ ಸುಳ್ಳು.

ಹೆಜ್ಜೇನನ್ನು ಕರೆದರೆ ಬರುವುದಿಲ್ಲವಂತೆ. ಆದರೆ ಒಂಟಿ ಹುಳಗಳು ಬೇಕಾದಷ್ಟು ಇವೆ ಎಂದು ಹಳೆಯ ಬಿದಿರಿನ ಬೇಲಿಯೊಂದನ್ನು ತೋರಿಸಿದ. ಬಿದಿರಿನಲ್ಲಿ ಬೆರಳು ತೂರುವಷ್ಟು ದುಂಡನೆಯ ತೂತುಗಳು. ಒಳಗಿನಿಂದ ಕರಿ ದುಂಬಿಯೊಂದು ಹೊರಬಂದು ನಮ್ಮ ಕಿವಿಯ ಪಕ್ಕದಲ್ಲೇ ಗುಂಯ್‌ಗುಟ್ಟಿ ಹೋಯಿತು. ನಾನು ಕುಳಿತುಬಿಟ್ಟೆ.

"ಇವು ಊರ ಕಟ್ಟಂಗಿಲ್ಲ. ಒಂದೊಂದ ಹೆಣ್ಣ ತನಗೊಂದ ಖೋಲಿ ಮಾಡ್ಕೊಂಡು ಅದರಾಗ ಮರಿ ಇಡತೈತಿ. ಖೋಲಿ ಇಲ್ದ ಒದ್ದಾಡತಾವು. ಹಳೇ ಬಿದಿರು, ಕೊಳವಿ, ತೂತ ಕೊರದ ಕಟ್ಟಿಗಿ ಏನರ ಕಟ್ಟಿಡ್ರಿ, ಬರ್ತಾವು."

"ಕಡಿಯಲ್ವಾ?"

"ನೀವು ತಿವೀಲಿಲ್ಲಂದ್ರ ಕಡಿಯಂಗಿಲ್ಲ" ಎಂದ. ಯಾರಾದರೂ ಹೇಳಿದ್ದಾರೋ ಎಂದು ಅವನ ಮುಖ ನೋಡಿದೆ. ಪಾಪ, ಅವನಿಗೇನು ಗೊತ್ತು.

ಬರುವಾಗ ಬೈಕುಲ್ಲಾದ ಗುಜರಿ ಅಂಗಡಿಯಿಂದ ಮುಚ್ಚಿಹೋದ ಮಿಲ್ಲಿನ ನೂಲು ಸುತ್ತುವ ಕಾಗದದ ಕೊಳವೆಗಳನ್ನು ಒಂದು ಚೀಲ ತಂದಿದ್ದೇನೆ. ಲೋಕಲ್‌ನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

೨೮ ಫೆಬ್ರವರಿ, ಭಾನುವಾರ

ಮೊದಲ ಪ್ರಯತ್ನ ಹಾಳಾಯಿತು. ಡಾಲ್ಡಾ ಡಬ್ಬಿಯ ತುಂಬ ಕೊಳವೆ ಜೋಡಿಸಿ, ಚೆಂದ ಕಾಣಲಿ ಎಂದು ಹಸಿರು ಪೇಂಟ್ ಹೊಡೆದು, ಮೆಟ್ಟಿಲ ಪಕ್ಕದ ನೆರಳಿನಲ್ಲಿ ನೇತುಹಾಕಿದ್ದೆ. ಒಂದು ವಾರದಲ್ಲಿ ಬಂದು ಸೇರಿದ್ದು ಎರಡು ಹಲ್ಲಿ. ಶೆಟ್ಟೆಪ್ಪನ ಸಲಹೆಯಂತೆ ಈಗ ಪೇಂಟ್ ಇಲ್ಲ, ವಾಸನೆ ಇಲ್ಲ, ಬೆಳಗಿನ ಬಿಸಿಲು ಬೀಳುವ ಪೂರ್ವದ ಗೋಡೆ. ಗಣಪತಿ ಮಂಟಪದಲ್ಲಿ ಉಳಿದಿದ್ದ ಬಿದಿರನ್ನು ಗೆಣ್ಣಿನ ಪಕ್ಕಕ್ಕೆ ಸರಿಯಾಗಿ ಕೊಯ್ಯಬೇಕು, ಆಗ ಒಂದು ಬದಿ ತಾನಾಗಿ ಮುಚ್ಚಿರುತ್ತದೆ. ಇನ್ನೊಂದು ಬದಿಯ ಸಿಬಿರನ್ನು ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಹುಳದ ರೆಕ್ಕೆ ಹರಿಯುತ್ತದಂತೆ. ಒಂದೊಂದು ತುಂಡಿಗೆ ಹತ್ತು ನಿಮಿಷ. ನಲವತ್ತು ತುಂಡು ಉಜ್ಜಿದೆ.

ರಮಾಮಣಿ ಕಾಫಿ ತಂದಿಟ್ಟು, "ಸೊಳ್ಳೆ ಕಂಡ್ರೆ ಎದ್ದು ಕೂತ್ಕೋತಿದ್ರಿ, ಈಗ ಹುಳಕ್ಕೆ ಮನೆ ಕಟ್ತೀರಲ್ಲ. ಏನಾಗಿದೆ ನಿಮಗೆ?" ಎಂದಳು. ರಿಟೈರ್ ಆಗುವ ಮುಂಚೆ ಒಂದು ಹವ್ಯಾಸ ಇರಲಿ ಎಂದೆ.

ಮಧ್ಯಾಹ್ನ ಅಂಗಳದಲ್ಲಿ ಕೂತು ಗರಗಸ ಎಳೆಯುತ್ತಿದ್ದಾಗ ಮಲ್ಲವ್ವ ಖಾಲಿ ಹಾಲಿನ ಪುಡಿ ಡಬ್ಬಿ ತಂದಳು. "ಇದ ನಡೀತೈತೇನ್ರಿ?" ಎಂದಳು. ನಡೆಯುತ್ತದೆ ಎಂದೆ. ಹೋಗಲಿಲ್ಲ, ಅಲ್ಲೇ ನಿಂತಳು. ನೋಡುವ ಕುತೂಹಲ ಇರಬೇಕೆಂದು ಹುಳಗಳ ವಿಷಯ ವಿವರಿಸಿದೆ. ಸುಮಾರು ಹೊತ್ತು ನಿಂತಿದ್ದು ಹೋದಳು.

೬ ಮಾರ್ಚ್, ಭಾನುವಾರ

ಒಂಬತ್ತು ಡಬ್ಬಿ, ಒಂದು ಮರದ ಪೆಟ್ಟಿಗೆ ಗೋಡೆಗೆ ಏರಿವೆ. ಪೆಟ್ಟಿಗೆಯೆಂದರೆ ಹಣ್ಣಿನ ಅಂಗಡಿಯವನು ಎಸೆದದ್ದು. ಒಳಗೆ ಒಡೆದ ಹಂಚು, ತೂತು ಕೊರೆದ ಕಿಟಕಿ ಚೌಕಟ್ಟಿನ ತುಂಡು, ಕೊಳವೆಗಳು, ಮೇಲೆ ಮಳೆಗೆ ತಗಡು. ಇಡೀ ಬಿಲ್ಡಿಂಗ್ ಬಂದು ನೋಡಿತು.

"ನಮ್ಮ ಸಾಹೇಬ್ರು ಹುಳಕ್ಕ ಚಾಳ ಕಟ್ಟ್ಯಾರ!" ಎಂದಳು ರಾಚವ್ವ, ಸಾಲು ಖೋಲಿಗಳ ಬಾಡಿಗೆ ಕಟ್ಟಡ ಕಂಡವಳ ಹಾಗೆ. "ಖೋಲಿ ಹಿಡಿಯಾಕ ಪಗಡಿ ರೊಕ್ಕ ಎಷ್ಟ್ರಿ? ಬಾಡಗಿ ಎಷ್ಟ್ರಿ?"

ಶಾಹ್ ಭಾಯಿ ಕೈಮುಗಿದು "ಬಹುತ್ ಪುಣ್ಯ ಕಾ ಕಾಮ್ ಕಿಯಾ ಸೆಕ್ರೆಟರಿ ಸಾಬ್" ಎಂದರು. ಅವರ ಮುಗಿದ ಕೈ ನೋಡಲಾಗಲಿಲ್ಲ. ಚಾವಿ ಮರೆತಿದ್ದೇನೆಂದು ಸುಳ್ಳು ಹೇಳಿ ಮೇಲೆ ಬಂದೆ. 

ಮಲ್ಲವ್ವ ಈ ವಾರ ಮೂರು ಸಲ ಬಂದು ನಿಂತು ಹೋದಳು. ಬಳ್ಳಿಯ ಹತ್ತಿರ ಸುಳಿಯುವ ಹಾಗಿಲ್ಲವಲ್ಲ, ಹೊತ್ತು ಹೋಗುವುದಿಲ್ಲವೇನೋ.

೧೧ ಮಾರ್ಚ್, ಶುಕ್ರವಾರ

ಮಲ್ಲವ್ವನನ್ನು ತವರಿಗೆ ಕಳಿಸಿದರು. "ಎರಡ ತಿಂಗಳ ಇದ್ದ ಬರ್ಲಿ" ಎಂದಳು ರಾಚವ್ವ. ಹೇಳುವಾಗ ಮುಖ ಆ ಕಡೆ ತಿರುಗಿಸಿದ್ದಳು. ಚನ್ನಬಸಯ್ಯ ಟ್ರಂಕ್ ಹಿಡಿದು ಟ್ಯಾಕ್ಸಿ ಹುಡುಕುತ್ತಿದ್ದ. ಗೇಟಿನಲ್ಲಿ ಅವಳು ನನ್ನೆದುರು ಎರಡು ಕ್ಷಣ ನಿಂತಳು.

"ಹೋಗಿ ಬಾರಮ್ಮ" ಎಂದೆ.

ಇಡೀ ದಿನ ಲೆಡ್ಜರಿನಲ್ಲಿ ತಪ್ಪು ಬರೆದೆ.

೧೩ ಮಾರ್ಚ್, ಭಾನುವಾರ

ಬೆಳಿಗ್ಗೆ ಆರಕ್ಕೆ ಎದ್ದು ಹಿಂದಿನ ತೋಟಕ್ಕೆ ಹೋದೆ. ಹುಳಗಳು ಬರುವ ತನಕ ಕಾಯಲು ಪುರುಸೊತ್ತಿಲ್ಲ. ಕೈಯಿಂದಲೂ ಆಗುತ್ತದೆ ಎಂದಿದ್ದ ಶೆಟ್ಟೆಪ್ಪ. ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಪುಡಿ ಹತ್ತಿದ ದಂಟನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಬೇಕು. ಏಳು ಹೂವಿಗೆ ಸವರಿದೆ. ಬೆರಳೆಲ್ಲ ಹಳದಿಯಾಯಿತು. ಐವತ್ನಾಲ್ಕು ವರ್ಷದ ಗಂಡಸು ಬಗ್ಗಿ ಹೂವಿನೊಳಗೆ ಕೈ ಹಾಕುವುದನ್ನು ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ. ಯಾರೂ ನೋಡಲಿಲ್ಲ. ಕಾಯಿ ಹಿಡಿದರೆ ರಾಚವ್ವನ ಸಿಟ್ಟು ಇಳಿದು ಆ ಹುಡುಗಿ ವಾಪಸ್ ಬರುತ್ತಾಳೆ. ಮಾತು ಬೇಕಿಲ್ಲ, ರಗಳೆ ಬೇಕಿಲ್ಲ.

ಚಾಳಿಗೆ ಮೊದಲ ಬಿಡಾರ ಬಂದಿದೆ! ಬೂದು ಬಣ್ಣದ ಪುಟ್ಟ ಜೇನು, ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸಿ ಕಾಲಲ್ಲಿ ಅವುಚಿಕೊಂಡು ಬಂದು ಮಿಲ್ಲಿನ ಕೊಳವೆಯೊಳಗೆ ಹಾಸುತ್ತದೆ. ಹದಿನಾರು ಸಲ ಹೋಗಿ ಬಂತು. ಅದಕ್ಕೆ ನನ್ನ ಗುರುತಿಲ್ಲ, ಅದೇ ಸಮಾಧಾನ.

೨೦ ಮಾರ್ಚ್, ಭಾನುವಾರ

ಐದು ಕಾಯಿ ಕಚ್ಚಿವೆ. ನಿಂಬೆಹಣ್ಣಿನ ಗಾತ್ರ, ಹಸಿರು, ಗಟ್ಟಿ. ಕರಿ ದುಂಬಿಗಳೂ ಬಂದಿವೆ, ಬಿದಿರಿನ ಬಾಯಲ್ಲಿ ಹೊಟ್ಟು ಬಿದ್ದಿದೆ. ನನ್ನ ಕೈಯದೆಷ್ಟೋ ಅವುಗಳದೆಷ್ಟೋ. ತುಂಬ ದಿನದ ಮೇಲೆ ಎರಡನೆಯ ಸಲ ಸಾರು ಹಾಕಿಸಿಕೊಂಡೆ.

೨೪ ಮಾರ್ಚ್, ಗುರುವಾರ

ಎಂಥ ಕೆಲಸ ಮಾಡಿಬಿಟ್ಟೆ.

ಆಫೀಸಿನಿಂದ ಬಂದರೆ ರಾಚವ್ವ ಹಿಂದಿನ ಅಂಗಳದಲ್ಲಿ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಬಳ್ಳಿ ತೋರಿಸುತ್ತಿದ್ದಳು. "ನೋಡ್ರಿ, ಆಕಿ ಹೋಗಿ ಹದಿನೈದ ದಿನ ಆಗಿಲ್ಲ, ಬಳ್ಳಿ ಹೆಂಗ ಕಾಯಿ ಹಿಡಿದೈತಿ! ಇನ್ನೇನ ಸಾಕ್ಷಿ ಬೇಕ? ಚನ್ನಬಸೂಗ ಬ್ಯಾರೆ ಹೆಣ್ಣ ನೋಡಂತ ಬೈಕುಲ್ಲಾದಾಗ ಎಲ್ಲಾರೂ ಅನ್ನಾಕತ್ತಾರ. ನಾನ ಬ್ಯಾಡ ಅಂತಿದ್ದೆ."

 ಅವಳನ್ನು ಪಕ್ಕಕ್ಕೆ ಕರೆದು ಗಂಡು ಹೂವು, ಹೆಣ್ಣು ಹೂವು, ಪುಡಿ, ಹುಳ ಎಲ್ಲ ಬಿಡಿಸಿ ಹೇಳಿದೆ. ಜೇನು ಇಲ್ಲದ್ದಕ್ಕೆ ಕಾಯಿ ಕಚ್ಚಲಿಲ್ಲ, ಈಗ ಚಾಳಿಗೆ ಹುಳ ಬಂದಿವೆ, ಕಚ್ಚಿತು. ಮಲ್ಲವ್ವನ ಕೈಗೂ ಇದಕ್ಕೂ ಸಂಬಂಧವೇ ಇಲ್ಲ ಎಂದೆ. ಗಮನವಿಟ್ಟು ಕೇಳಿದಳು. ದಡ್ಡಿ ಅಲ್ಲ ಅವಳು.

"ಹಂಗಾರ ಹೇಳ್ರಿ. ಟ್ಯಾಂಕಿ ಬುಡಕಿನ ಜೇನ ಯಾಕ ಎದ್ದ ಹೋದವು? ನಾಕ ವರ್ಷದಿಂದ ಚಳಿಗಾಲಕ್ಕ ಬಂದು, ಬ್ಯಾಸಿಗಿ ತನಕ ಇದ್ದ ಹೋಗ್ತಿದ್ವು. ಈ ಸಲ ನಡುವ ಯಾಕ ಬಿಟ್ಟು ಹೋದವು? ಲಕ್ಷ್ಮಿ ಒಲ್ಲದ ಮನಿ ಅಂತ ಹೋದವು. ಯಾರಿಂದ? ಅದೂ ಆಕಿ ಕಾಲ್ಗುಣಾನ!"

ಬಾಯಿ ತೆರೆದೆ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

೨೭ ಮಾರ್ಚ್, ಭಾನುವಾರ

ಇನ್ನೂ ಎರಡು ಡಬ್ಬಿ ಕಟ್ಟಿದೆ. ಕೈ ಸುಮ್ಮನಿದ್ದರೆ ಆಗುತ್ತಿಲ್ಲ.

೩ ಏಪ್ರಿಲ್, ಭಾನುವಾರ

ಹನ್ನೊಂದು ಗಂಟೆಗೆ ರಾಚವ್ವ ಮೇಲೆ ಬಂದಳು. ಕಂಕುಳಲ್ಲಿ ಎಳೆಯ ಕುಂಬಳಕಾಯಿ. "ಮೊದಲನೇ ಕಾಯಿ ನಿಮಗ. ಚಾಳ ಕಟ್ಟಿದ ಪುಣ್ಯಾತ್ಮರಿಗೆ" ಎಂದು ಮೇಜಿನ ಮೇಲಿಟ್ಟಳು. ಆಮೇಲೆ ಸೆರಗಿನಿಂದ ಖಾಲಿ ಇನ್‌ಲ್ಯಾಂಡ್ ಲೆಟರ್ ತೆಗೆದಳು. ಅವಳಿಗೆ ಓದು ಬರಹ ಇಲ್ಲ. ಈ ಬಿಲ್ಡಿಂಗಿನಲ್ಲಿ ಕನ್ನಡದ ಕಾಗದ ಬರೆಯಬೇಕಾದರೆ ನನ್ನ ಹತ್ತಿರವೇ ಬರಬೇಕು. ಅವಳ ಎಷ್ಟೋ ಕಾಗದ ಬರೆದುಕೊಟ್ಟಿದ್ದೇನೆ.

"ಮಲ್ಲವ್ವನ ಅಪ್ಪ ಶಂಕ್ರೆಪ್ಪಗ ಬರೀರಿ. ಚನ್ನಬಸೂ ಬರೆಯಾಂವಲ್ಲ, ಅಳ್ತಾ ಕುಂತಾನ. ನಿಮ್ಮ ಮಗಳನ್ನ ಅಲ್ಲೇ ಇಟ್ಕೋರಿ, ಕಳಸಬ್ಯಾಡ್ರಿ, ಮಾತಾಡಾಕ ಹಿರಿಯಾರನ್ನ ಕಳಸ್ತೀವಿ ಅಂತ. ಯಾಕ ಅಂದ್ರ, ಆಕಿ ಕೈಗುಣ ಕಾಲ್ಗುಣ ಎರಡೂ ಮನಿಗೆ ಕೂಡಿ ಬರಲಿಲ್ಲ. ಆಕಿ ಇರೂತನಕ ಜೇನ ಹೋತು, ಬಳ್ಳಿ ಬರಡಾತು. ಹೋದ ಮ್ಯಾಲೆ ಕಾಯಿ ಹಿಡಿತು. ಇದನ್ನ ಚೆಂದಾಗಿ ಬರೀರಿ, ಆಂವಗ ಬ್ಯಾಸರ ಆಗದಂಗ."

ಪೆನ್ನು ತೆರೆದೆ. ತಾರೀಕು ಬರೆದೆ. ಶ್ರೀಮಾನ್ ಶಂಕ್ರೆಪ್ಪನವರಿಗೆ ನಮಸ್ಕಾರಗಳು ಎಂದು ಬರೆದೆ. ಮುಂದೆ ಬರೆಯುತ್ತಾ ಹೋದೆ, ಅವಳು ಫ್ಯಾನಿನ ಗಾಳಿಗೆ ಕಣ್ಣು ಮುಚ್ಚಿ ಕುಳಿತಿದ್ದಳು. ಮುಗಿದ ಮೇಲೆ "ಓದ್ರಿ, ಕೇಳೂಣು" ಎಂದಳು. ಓದಿದೆ.

"ನಾನು ಈ ಸೊಸೈಟಿಯ ಸೆಕ್ರೆಟರಿ ಸತ್ಯಮೂರ್ತಿ. ಜನವರಿ ೨೬ರಂದು ಇಲ್ಲಿನ ಜೇನನ್ನು ಯಾರಿಗೂ ತಿಳಿಸದೆ ವಿಷ ಹೊಡೆಸಿ ಕೊಲ್ಲಿಸಿದವನು ನಾನು. ಹುಳ ಕಡಿದು ಜನ ನಕ್ಕರೆಂಬ ಸಿಟ್ಟಿಗೆ ಈ ಕೆಲಸ ಮಾಡಿದೆ. ತಾವಾಗಿ ಹೋದವು ಎಂದು ಸುಳ್ಳು ಹೇಳಿದೆ. ಜೇನು ಸತ್ತದ್ದರಿಂದ ಕುಂಬಳ ಕಾಯಿ ಕಚ್ಚಲಿಲ್ಲ. ಆಮೇಲೆ ಕಚ್ಚಿದ್ದು ನಾನು ಕದ್ದು ಹೂವಿನ ಪುಡಿ ಮುಟ್ಟಿಸಿದ್ದರಿಂದ. ನಿಮ್ಮ ಮಗಳ ಕೈಯಲ್ಲಿ ಯಾವ ದೋಷವೂ ಇಲ್ಲ. ದೋಷ ನನ್ನದು."

ಅಡುಗೆಮನೆಯಲ್ಲಿ ರಮಾಮಣಿಯ ಪಾತ್ರೆಯ ಸದ್ದು ನಿಂತಿತು.

ರಾಚವ್ವ ಕಣ್ಣು ತೆರೆದು ಕಾಗದವನ್ನೇ ನೋಡಿದಳು. ಆಮೇಲೆ, "ಹಂಗ ಬರೀರಿ ಅಂತ ನಾ ಹೇಳಿಲ್ಲ" ಎಂದಳು. ಅವಳ ಗಂಟಲು ಅಷ್ಟು ಸಣ್ಣಗಾದದ್ದು ನಾನು ಕೇಳಿರಲಿಲ್ಲ.

"ಇದು ನಿಜ ರಾಚವ್ವ."

"ಎರಡ ತಿಂಗಳ. ದಿನಾ ನನ್ನ ರೊಟ್ಟಿ ತಿಂದ್ರಿ. ದಿನಾ ಮ್ಯಾಲೆ ನಿಂತು ಕೇಳಿದ್ರಿ, ನಾ ಆಕಿಗೆ ಏನೇನ ಅಂದೆ ಅಂತ. ಹುಳ ಕೊಂದಿದ್ದ ನಿಮ್ಮ ಪಾಪ, ಅದನ್ನ ನೀವ ಉಣ್ರಿ. ನನ್ನ ಬಾಯಿಲೆ ಆ ಹುಡಿಗೀನ್ನ ಹರಕೊಂಡ ತಿನ್ನಿಸಿದ್ರೆಲ್ಲ. ಅದನ್ನ ನಾ ಎಲ್ಲೆ ತೊಳೀಲಿ?"

ಅವಳು ಕಾಗದವನ್ನು ಬೆರಳಿಂದ ತಟ್ಟಿದಳು.

"ಇದರಾಗ ಇನ್ನೊಂದ ಸಾಲ ಹಾಕ್ರಿ. ಅತ್ತಿ ಕರೀತಾಳ, ಬಾ ಅಂತ. ಚನ್ನಬಸೂ ಕರಿಯಾಕ ಬರ್ತಾನ ಅಂತ."

ಹಾಕಿದೆ. ಕಾಗದ ಮಡಿಸಿಕೊಂಡ ಮೇಲೆ ಮೇಜಿನ ಮೇಲಿನ ಕುಂಬಳಕಾಯಿಯನ್ನೂ ಎತ್ತಿಕೊಂಡು ಕೆಳಗೆ ಹೋದಳು. ರಮಾಮಣಿ ಊಟ ಬಡಿಸಿ, ನನ್ನ ಜೊತೆ ಕೂರದೆ ಒಳಗೆ ಹೋಗಿ ಮಲಗಿದಳು.

೧೦ ಏಪ್ರಿಲ್, ಭಾನುವಾರ

ಮೀಟಿಂಗ್ ಆಯಿತು. ಸೆಕ್ರೆಟರಿ ಕೆಲಸ ಬಿಟ್ಟೆ. ಬಿಟ್ಟೆ ಎನ್ನುವುದು ಸುಳ್ಳು, ಬಿಡಿಸಿದರು. ಶಾಹ್ ಭಾಯಿ ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಚಾಳನ್ನು ಕಿತ್ತು ಬಿಸಾಕಬೇಕೆಂದು ಯಾರೋ ಹೇಳಿದಾಗ ಮಾತ್ರ ಬಾಯಿ ಬಿಟ್ಟರು: "ಉನ್ ಜೀವೋಂ ನೇ ಕ್ಯಾ ಬಿಗಾಡಾ ಹೈ?" ಆ ಜೀವಗಳು ಏನು ಕೆಡಿಸಿವೆ, ಎಂದರು. ಚಾಳು ಉಳಿಯಿತು.

೧೭ ಏಪ್ರಿಲ್, ಭಾನುವಾರ

ಮಲ್ಲವ್ವ ಗುರುವಾರ ಬಂದಳು. ಮೂರು ದಿನ ಅವಳ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಇವತ್ತು ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಎದುರಾದಳು. ಬಳ್ಳಿಗೆ ಹಾಕಲು ಕೊಡ ತುಂಬಿಸುತ್ತಿದ್ದಳು. ಒಳಗಿನಿಂದ ರಾಚವ್ವ "ಭಾರ ಎತ್ತಬ್ಯಾಡ, ಅರ್ಧಾ ತುಂಬ್ಕೋ" ಎಂದು ಕೂಗುತ್ತಿದ್ದಳು.

ಏನು ಮಾತಾಡುವುದೆಂದು ತಿಳಿಯದೆ "ಊರಲ್ಲಿ ಎಲ್ಲ ಚೆನ್ನಾಗಿದ್ದಾರೇನಮ್ಮ?" ಎಂದೆ.

"ಅಪ್ಪ ನಿಮ್ಮ ಕಾಗದ ಓದಿದ್ರು" ಎಂದಳು. ಕೊಡವನ್ನು ನಲ್ಲಿಯ ಕೆಳಗೆ ಸರಿಸಿ, "ನನಗ ಮೊದಲ ಗೊತ್ತಿತ್ರಿ."

"ಏನು?"

"ಆವತ್ತ ನಾ ಮನ್ಯಾಗ ಇದ್ದೆ. ಬೈಕುಲ್ಲಾದಾಗ ಕುಬಸ ಇತ್ತಲ್ರಿ, ಬಸರಿ ಹೆಂಗಸಿಗೆ ಉಡಿ ತುಂಬೂದಕ್ಕ ನನ್ನಂಥಾಕಿನ್ನ ಕರ್ಕೊಂಡ ಹೋಗಂಗಿಲ್ಲ. ಚೀಲ ಹೊತ್ತಾಂವನ ಜೋಡಿ ನೀವು ಇಳದ ಬಂದ್ರಿ, ಕಿಡಕ್ಯಾಗಿಂದ ನೋಡಿದೆ. ಸಂಜೀತನಕ ಹುಳ ಉದುರತಿದ್ವು. ಗುಡಿಸಿ ಹಾಕಿದಾಕಿ ನಾನ."

"ಗೊತ್ತಿದ್ದೂ ಯಾಕಮ್ಮ ಹೇಳ್ಲಿಲ್ಲ?"

"ಸೆಕ್ರೆಟರಿ ಸಾಹೇಬ್ರ ಮಾತ ಬಿಟ್ಟು ಬಂಜಿ ಮಾತ ಯಾರ ಕೇಳ್ತಾರ್ರಿ?" ನೀರು ಕೊಡದ ಕಂಠಕ್ಕೆ ಬಂದಿತ್ತು, ನಲ್ಲಿ ನಿಲ್ಲಿಸಿದಳು. "ನೀವು ಡಬ್ಬಿ ಕಟ್ಟಾಕ ಸುರು ಮಾಡಿದ್ರಿ. ಇವರಿಗೆ ಒಳಗ ಸುಡಾಕತ್ತೈತಿ, ಇವತ್ತ ಹೇಳ್ತಾರ ಅಂದ್ಕೊಂಡೆ. ನಾಳೆ ಹೇಳ್ತಾರ ಅಂದ್ಕೊಂಡೆ. ಅದಕ್ಕ ಬಂದ ಬಂದ ನಿಂತೆ. ನೀವು ಇನ್ನೊಂದ ಡಬ್ಬಿ ತಗೋತಿದ್ರಿ."

ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಬಳ್ಳಿಯ ಕಡೆ ಹೋದಳು.

ಮೇಲೆ ಬಂದು ಕುಳಿತಿದ್ದೇನೆ. ತಪ್ಪಾಯಿತು ಎಂದು ರಾಚವ್ವನಿಗೆ ಹೇಳಿದ್ದೇನೆ, ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದ್ದೇನೆ, ಚನ್ನಬಸಯ್ಯನ ಕೈ ಹಿಡಿದು ಹೇಳಿದ್ದೇನೆ, ಶಂಕ್ರೆಪ್ಪನವರಿಗೆ ಕಾಗದದಲ್ಲಿ ಬರೆದಿದ್ದೇನೆ. ಮಲ್ಲವ್ವನಿಗೆ ಮಾತ್ರ ಹೇಳಿಲ್ಲ. ನಲ್ಲಿಯ ಹತ್ತಿರ ಅಷ್ಟು ಹೊತ್ತು ನಿಂತಿದ್ದರೂ ಹೇಳಲಿಲ್ಲ, ಅವಳನ್ನೇ ಯಾಕೆ ಹೇಳಲಿಲ್ಲ ಎಂದು ಕೇಳಿ ಬಂದೆ. ಇದನ್ನು ಇಲ್ಲಿ ಬರೆಯುತ್ತಾ ಕೂರುವುದೂ ಇನ್ನೊಂದು ಡಬ್ಬಿ ಕಟ್ಟಿದ ಹಾಗೆಯೇ.

ಅವಳಿನ್ನೂ ಬಳ್ಳಿಯ ಹತ್ತಿರವೇ ಇದ್ದಾಳೆ. ಕೆಳಗೆ ಹೋಗುತ್ತೇನೆ.